ಬಹಾಯಿ ಧರ್ಮದ ಭವಿಷ್ಯವಾಣಿಗಳನ್ನು ಪುರಾವೆ ಅಂತ ಒಪ್ಪಬಹುದಾ?

"ಬಹಾಯಿ ಧರ್ಮದ ಸ್ಥಾಪಕ ಬಹಾವುಲ್ಲಾ ನುಡಿದ ಭವಿಷ್ಯ ನಿಜವಾಯಿತು, ಹಾಗಾಗಿ ಅವರು ದೇವರ ದೂತರು" ಎಂಬ ವಾದ ಎಷ್ಟು ಗಟ್ಟಿ ಎಂದು ಕೇಳಿದ್ದೀರಿ. ಸತ್ಯವನ್ನು ಸ್ವಂತವಾಗಿ ಹುಡುಕಿ ಅಂತ ಆ ಧರ್ಮವೇ ಹೇಳುವುದರಿಂದ ಪ್ರಶ್ನೆಯಲ್ಲಿ ತಪ್ಪೇನಿಲ್ಲ.

ಪವಾಡಗಳನ್ನು ಪಕ್ಕಕ್ಕಿಡೋಣ. ಅವು ಕಣ್ಣಾರೆ ಕಂಡವರಿಗಷ್ಟೇ ಪುರಾವೆ ಎಂದು ಬಹಾವುಲ್ಲಾ ಅವರ ಮಗ ಅಬ್ದುಲ್ ಬಹಾ ಅವರೇ ಹೇಳಿದ್ದಾರೆ. ನನಗೆ ಇದು ಹಿಡಿಸಿದ ಮಾತು.

ಭವಿಷ್ಯವಾಣಿ ಕೊಂಚ ಗಟ್ಟಿ. ಒಟ್ಟೊಮಾನ್ (ತುರ್ಕಿ) ಸಾಮ್ರಾಜ್ಯದ ಮಂತ್ರಿ ಫುವಾದ್ ಪಾಷಾ 1869ರಲ್ಲಿ ತೀರಿಕೊಂಡ. ಆಮೇಲೆ ಬರೆದ ಪತ್ರದಲ್ಲಿ ಬಹಾವುಲ್ಲಾ ಸುಲ್ತಾನನ ಪತನವನ್ನೂ ಸೂಚಿಸಿದರು. 1876ರಲ್ಲಿ ಸುಲ್ತಾನ್ ಅಬ್ದುಲ್ ಅಜೀಜ್ ಪಟ್ಟ ಕಳೆದುಕೊಂಡ. ಪತ್ರ ಅದಕ್ಕೂ ಮೊದಲೇ ಬೇರೆಯವರ ಕೈಯಲ್ಲಿತ್ತಾ? ಬಹಾಯಿ ಇತಿಹಾಸದ ಪ್ರಕಾರ, ಮಿರ್ಜಾ ಅಬುಲ್ ಫಜಲ್ ಎಂಬ ಇರಾನಿನ ವಿದ್ವಾಂಸರು ಇನ್ನೂ ನಂಬದಿದ್ದಾಗಲೇ ಅದನ್ನು ಓದಿದ್ದರು. ಸುಲ್ತಾನ ಬಿದ್ದ ಮೇಲೆ ಬಹಾಯಿ ಆದರು. ಆದ್ದರಿಂದ "ಆಮೇಲೆ ಸೇರಿಸಿದ್ದು" ಎಂದು ಸುಮ್ನೆ ತಳ್ಳಿಹಾಕುವುದು ಕಷ್ಟ. ಆದರೂ ಈ ಕಥೆ ನಮಗೆ ಸಿಗುವುದು ನಂಬಿದವರಿಂದಲೇ, ಅದನ್ನು ಮರೆಯಬಾರದು.

ನನಗೆ ಜಾಸ್ತಿ ತೂಕದ ಪ್ರಶ್ನೆ ಬೇರೆ. ಆ ಸಾಮ್ರಾಜ್ಯ ಸಾಲದಲ್ಲಿ ಮುಳುಗಿತ್ತು. 1875ರಲ್ಲಿ ಸಾಲ ತೀರಿಸಲಾಗದೆ ಕೈಚೆಲ್ಲಿತು. ಅಂಥ ದೊರೆ ಬೀಳುತ್ತಾನೆ ಎನ್ನಲು ದೈವಜ್ಞಾನವೇ ಬೇಕಾ? ಗುರಿ ಮುಟ್ಟಿದ ಮಾತಿನ ಜೊತೆ ಮುಟ್ಟದ್ದನ್ನೂ ಎಣಿಸಬೇಕು, ಅಲ್ವಾ? ಇನ್ನು ಊಹೆ ಸರಿಯಾಯಿತು ಅಂದಕೂಡಲೇ ಹೇಳಿದವರು ದೇವದೂತರು ಎನ್ನುವುದು ದೊಡ್ಡ ಜಿಗಿತ. ಆ ಜಿಗಿತಕ್ಕೆ ಬೇರೆಯೇ ಪುರಾವೆ ಬೇಕು.