ಕಟ್ಟೆಯ ಕೆಳಗಿನ ಕಪಾಟು: ಕೈಗೆ ಸಿಕ್ಕಿದ್ದಷ್ಟೇ ಜಾಗ

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ಚಿಕ್ಕ ಮನೆ. ಅಡುಗೆಮನೆ ಎಂಟು ಅಡಿಗೆ ಏಳು ಅಡಿ, ಕಟ್ಟೆ ಎಲ್ ಆಕಾರದ್ದು. ಕೆಳಗೆ ಪ್ಲೈವುಡ್ ಕಪಾಟುಗಳಿವೆ, ಪ್ರತಿಯೊಂದರ ನಡುವೆ ಒಂದೊಂದು ಹಲಗೆ. ಎಷ್ಟು ಜೋಡಿಸಿದರೂ ಅರ್ಧ ಪಾತ್ರೆ ಹೊರಗೇ ಉಳಿಯುತ್ತದೆ. ಹಿಂದಿರುವುದನ್ನು ತೆಗೆಯಲು ನೆಲಕ್ಕೆ ಕೂರಬೇಕು, ಅಮ್ಮನಿಗೆ ಮಂಡಿನೋವು. ಎಲ್ಲ ಕಿತ್ತು ಹೊಸದಾಗಿ ಮಾಡಿಸುವುದೇ ಸರಿಯೇ?

ಉತ್ತರ: ದಯವಿಟ್ಟು ಕೀಳಿಸಬೇಡಿ. ಪ್ಲೈವುಡ್ ನೀರು ಕುಡಿದು ಉಬ್ಬಿಲ್ಲದಿದ್ದರೆ ಚೌಕಟ್ಟು ಹಾಗೆಯೇ ಇರಲಿ. ಬದಲಾಗಬೇಕಾದದ್ದು ಒಳಭಾಗ ಮಾತ್ರ.

ಕಟ್ಟೆಯ ಅಗಲ ಎರಡು ಅಡಿ ಎಂದರೆ ಕಪಾಟಿನ ಒಳಗಿನ ಆಳ ಸುಮಾರು 22 ಅಂಗುಲ. ನಿಂತು ಬಗ್ಗಿದರೆ ಕೈಗೆ ಸಲೀಸಾಗಿ ಸಿಗುವುದು ಮುಂದಿನ ಒಂದು ಅಡಿ. ಉಳಿದದ್ದು ಇದ್ದೂ ಇಲ್ಲದ ಜಾಗ. ಒಮ್ಮೆ ಒಂದು ಮನೆಯಲ್ಲಿ ಕೆಳಗಿನ ಕಪಾಟನ್ನೆಲ್ಲ ಖಾಲಿ ಮಾಡಿ ನಡುಮನೆಯಲ್ಲಿ ಹಳೆಯ ಪತ್ರಿಕೆ ಹಾಸಿ ಹರಡಿಸಿದೆ. ಹಿಂದಿನ ಸಾಲಿನಿಂದ ಚಕ್ಕುಲಿ ಒರಳು, ಎರಡನೆಯ ಇಡ್ಲಿ ತಟ್ಟೆಗಳ ಜೊತೆಗೆ ಮದುವೆಯಲ್ಲಿ ಬಂದ, ಪೆಟ್ಟಿಗೆಯನ್ನೇ ಒಡೆಯದ ಕುಕ್ಕರ್ ಹೊರಬಂತು. ಆ ಮನೆಯವರು ಅದೇ ಅಳತೆಯ ಇನ್ನೊಂದು ಕುಕ್ಕರ್ ಕೊಂಡು ಒಂದು ವರ್ಷವಾಗಿತ್ತು.

ಎತ್ತರದ್ದೂ ಇದೇ ಕಥೆ. ಒಳಗಿನ ಎತ್ತರ 26 ಅಂಗುಲವಿದ್ದು ನಡುವೆ ಹಲಗೆ ಬಂದರೆ ಒಂದೊಂದು ಅಂಕಣ ಒಂದಡಿ ಎತ್ತರವಾಯಿತು. ಅದರಲ್ಲಿ ಮೂರು ಅಂಗುಲದ ಒಗ್ಗರಣೆ ಡಬ್ಬಿ ಇಟ್ಟರೆ ಮೇಲಿನ ಒಂಬತ್ತು ಅಂಗುಲ ಬರೀ ಗಾಳಿ.

ಹಾಗಾಗಿ ಹಲಗೆ ತೆಗೆಸಿ, ಬಾಗಿಲ ಒಳಗೇ ಮೂರು ಡ್ರಾಯರ್ ಕೂಡಿಸಿ. ಮೇಲಿನದು ಐದು ಅಂಗುಲ: ಸೌಟು, ಚಾಕು, ಒಗ್ಗರಣೆ ಡಬ್ಬಿಗೆ. ನಡುವಿನದು ಎಂಟು: ತಟ್ಟೆ, ಬಟ್ಟಲು, ಬೇಳೆ ಡಬ್ಬಿಗಳಿಗೆ. ಕೆಳಗಿನದು ಹನ್ನೊಂದು: ಕುಕ್ಕರ್, ಬಾಣಲೆಗಳಿಗೆ. ಇವು ಅಂದಾಜು ಅಳತೆಗಳು. ಬಡಗಿಯನ್ನು ಕರೆಯುವ ಮೊದಲು ನಿಮ್ಮ ಪಾತ್ರೆಗಳನ್ನು ಮುಚ್ಚಳ, ಹಿಡಿ ಸಮೇತ ಟೇಪಿನಿಂದ ಅಳೆಯಿರಿ. ದೋಸೆ ಕಾವಲಿ, ತಟ್ಟೆ, ಮುಚ್ಚಳಗಳನ್ನು ಮಲಗಿಸದೆ ಪುಸ್ತಕದ ಹಾಗೆ ನಿಲ್ಲಿಸಿದರೆ ಒಂದನ್ನು ತೆಗೆಯಲು ನಾಲ್ಕನ್ನು ಎತ್ತಬೇಕಾಗುವುದಿಲ್ಲ.

ಇಲ್ಲಿ ಬಡಗಿಗಳು ಮೇಲಿಂದ ಮೇಲೆ ಎಡವುವ ಜಾಗ ಒಂದಿದೆ. ಬಾಗಿಲು ತೆರೆದಾಗ ಅದರ ದಪ್ಪ ಕೀಲಿನ ಬದಿಯಲ್ಲಿ ಸ್ವಲ್ಪ ಒಳಕ್ಕೇ ನಿಲ್ಲುತ್ತದೆ. ಒಳಗಿನ ಡ್ರಾಯರ್ ಎಳೆದರೆ ಬಾಗಿಲಿಗೆ ತಾಗಿ ನಿಂತುಬಿಡುತ್ತದೆ. ಆ ಬದಿಗೆ ಸುಮಾರು ಒಂದು ಅಂಗುಲದ ಮರದ ಪಟ್ಟಿ ಕೊಟ್ಟು, ಅದರ ಮೇಲೆ ಚಾನೆಲ್ (ಡ್ರಾಯರ್ ಜಾರುವ ಲೋಹದ ಹಳಿ) ಕೂಡಿಸಬೇಕು. ಚಾನೆಲ್‌ಗೇ ಎರಡೂ ಬದಿಗೆ ಅರ್ಧರ್ಧ ಅಂಗುಲ ಬೇಕು, ಡ್ರಾಯರಿನ ಪಕ್ಕೆಗಳು ಬೇರೆ. ಅಗಲದಲ್ಲಿ ಒಟ್ಟು ಮೂರು ಅಂಗುಲ ಹೋಗುತ್ತದೆ, ನಿಜ. ಆದರೆ ಹಿಂದಿನ ಹತ್ತು ಅಂಗುಲ ಆಳ ಕೈಗೆ ಬರುತ್ತದೆ. ಚಾನೆಲ್ ಪೂರ್ತಿ ಹೊರಬರುವ, 35 ಕಿಲೋ ತೂಕ ತಾಳುವಂಥದ್ದಿರಲಿ. ಮುಕ್ಕಾಲು ಭಾಗ ಮಾತ್ರ ಬರುವ ಹಳೆಯ ಬಗೆಯದಾದರೆ ಕೊನೆಯ ಡಬ್ಬಿ ಮತ್ತೆ ಕತ್ತಲಲ್ಲೇ ಉಳಿಯುತ್ತದೆ.

(ಕಡಪ ಕಲ್ಲು ನಿಲ್ಲಿಸಿ ಕಟ್ಟಿದ ಹಳೆಯ ಕಟ್ಟೆ ಇರುವವರಿಗೆ: ಕಲ್ಲುಗಳು ನೇರವಾಗಿರುವುದು ಅಪರೂಪ. ಅಗಲವನ್ನು ಮುಂದೆ, ನಡುವೆ, ಹಿಂದೆ ಮೂರು ಕಡೆ ಅಳೆದು, ಅತಿ ಕಡಿಮೆ ಬಂದದ್ದಕ್ಕೇ ಡ್ರಾಯರ್ ಮಾಡಿಸಿ.)

ಸಿಂಕಿನ ಕೆಳಗೆ ಧಾನ್ಯ ಬೇಡ. ಸೋಪು, ಬ್ರಷ್, ಕಸದ ಬುಟ್ಟಿ ಸಾಕು.

ಗ್ಯಾಸ್ ಸಿಲಿಂಡರ್ ಎಲ್ಲಿದೆ ಎಂದು ನೀವು ಬರೆದಿಲ್ಲ. ಕಪಾಟಿನಲ್ಲೇ ಇದ್ದರೆ ಅದೊಂದೇ ಒಂದೂವರೆ ಅಡಿ ಅಗಲ ತಿನ್ನುತ್ತಿದೆ. ಗಾಳಿಯಾಡುವ ಯುಟಿಲಿಟಿ ಇದ್ದರೆ ವಿತರಕರ ಮೆಕ್ಯಾನಿಕ್‌ರನ್ನು ಕೇಳಿ ಅಲ್ಲಿಗೆ ಸಾಗಿಸಿ. ಅದಾಗದಿದ್ದರೆ ಬಾಗಿಲಿನ ತಳದಲ್ಲಿ ತೂತುಗಳನ್ನು ಮಾಡಿಸಲೇಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಮಡುಗಟ್ಟುತ್ತದೆ. ಜಾಗ ಉಳಿಸುವ ಆಸೆಗೆ ಸಿಲಿಂಡರಿನ ಸುತ್ತ ಸಾಮಾನು ತುಂಬಬೇಡಿ.

ಎಲ್ ಮೂಲೆಗೆ ತಿರುಗುವ ತಟ್ಟೆ, ಎಳೆದರೆ ಹೊರಬರುವ ಜಾಲರಿ ಎಲ್ಲವೂ ಸಿಗುತ್ತವೆ. ನಿಮ್ಮಷ್ಟು ಚಿಕ್ಕ ಅಡುಗೆಮನೆಗೆ ಆ ದುಡ್ಡು ದಂಡ ಎಂಬುದು ನನ್ನ ಖಚಿತ ಅಭಿಪ್ರಾಯ. ಹಬ್ಬಕ್ಕಷ್ಟೇ ಬೇಕಾಗುವ ದೊಡ್ಡ ಪಾತ್ರೆ, ಚಕ್ಕುಲಿ ಒರಳು, ಶಾವಿಗೆ ಒತ್ತು ಆ ಮೂಲೆಗೆ ಹೋಗಲಿ. ಏನೇನಿದೆ ಎಂದು ಬಾಗಿಲ ಒಳಬದಿಗೆ ಚೀಟಿ ಅಂಟಿಸಿ. ಕಟ್ಟೆಯ ಕಾಲಬಳಿಯ ನಾಲ್ಕು ಅಂಗುಲದಲ್ಲೂ ಡ್ರಾಯರ್ ಮಾಡಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನೆಲಕ್ಕೆ ನೀರು ಹಾಕಿ ತೊಳೆಯುವ ನಮ್ಮ ಮನೆಗಳಲ್ಲಿ ಅದು ಬೇಗ ಹಾಳಾಗುತ್ತದೆ, ಜಿರಳೆಗೂ ಮನೆಯಾಗುತ್ತದೆ.

ಎಲ್ಲ ಕಪಾಟನ್ನೂ ಒಟ್ಟಿಗೆ ಮಾಡಿಸಬೇಡಿ. ಒಲೆಯ ಪಕ್ಕದ್ದೊಂದನ್ನು ಮೊದಲು ಮಾಡಿಸಿ ಒಂದು ತಿಂಗಳು ಬಳಸಿ. ಯಾವ ಡ್ರಾಯರ್ ಎಷ್ಟು ಎತ್ತರವಿರಬೇಕಿತ್ತು ಎಂದು ಅಮ್ಮನೇ ಹೇಳುತ್ತಾರೆ. ಉಳಿದವನ್ನು ಆ ಅಳತೆಗೆ ಮಾಡಿಸಿ.