ಮುಖ ತೋರಿಸದ ಮೀಡಿಯಾ ಕೆಲಸ

(ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ.)

ಬೆಟಗೇರಿಯ ಸುಧಾ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಮುಂದೇನು ಓದಬೇಕು ಎಂದು ಕೇಳಲು ಧಾರವಾಡಕ್ಕೆ ನನ್ನ ಹತ್ತಿರ ಅಪ್ಪನ ಜೊತೆ ಬಂದಾಗ ಇಬ್ಬರೂ ಮಾತು ಬಿಟ್ಟು ವಾರವಾಗಿತ್ತು.

“ಇಕಿ ಮೀಡಿಯಾ ಕಲೀತೀನಿ ಅಂತಾಳರಿ ಮೇಡಂ. ಮಗಳನ್ನ ಟಿವಿಯಾಗ ಕುಂದರಸಾಕ ನಮಗ ಮನಸಿಲ್ಲ,” ಅಂದರು ಅಪ್ಪ.

“ನಾ ಯಾವಾಗ ಟಿವಿಯಾಗ ಕುಂದರ್ತೀನಿ ಅಂದೆ?” ಅವಳು ಗೋಡೆ ನೋಡಿಕೊಂಡೇ ಹೇಳಿದಳು.

ಅರ್ಧ ಜಗಳ ಇಲ್ಲೇ ಇತ್ತು. ಅಪ್ಪನ ಪಾಲಿಗೆ ಮೀಡಿಯಾ ಅಂದ್ರೆ ಆ್ಯಂಕರ್. ನೀನು ಏನಾಗಬೇಕು ಎಂದು ಕೇಳಿದರೆ ಸುಧಾ “ಡೈರೆಕ್ಟರ್” ಅಂದಳು. ನನ್ನ ಬಳಿ ಬರುವ ಹುಡುಗರೂ ಹೀಗೇ ಹೇಳ್ತಾರೆ. ಬೇರೆ ಕೆಲಸಗಳ ಹೆಸರು ಯಾರೂ ಹೇಳಿಕೊಟ್ಟಿರುವುದಿಲ್ಲ, ಅಲ್ವಾ?

ಹಾಗಾಗಿ, ನೀನೇ ಮಾಡಿದ್ದು ಫೋನಿನಲ್ಲಿ ಏನಿದೆ ತೋರಿಸು ಅಂದೆ. ಮನೆಯ ಮಗ್ಗದ ವಿಡಿಯೊ. ಚಿತ್ರ ಸುಮಾರು, ಕೈ ನಡುಗಿದೆ. ಆದರೆ ಸಪ್ಪಳ! ಅದೇ ಮಗ್ಗವನ್ನು ಮೂರು ಜಾಗದಿಂದ ರೆಕಾರ್ಡ್ ಮಾಡಿದ್ದಳು. “ಹತ್ರ ಇಟ್ರ ಬರೇ ಗದ್ದಲರಿ. ಪಡಸಾಲ್ಯಾಗ ಇಟ್ರ ಲಾಳಿ ಬಡಿಯೋದು ಬ್ಯಾರೆ ಕೇಳಸ್ತದ.” ಇದನ್ನು ಯಾರೂ ಕಲಿಸಿರಲಿಲ್ಲ. ಅಪ್ಪ ಮುಂದಕ್ಕೆ ಬಾಗಿ, ಇನ್ನೊಮ್ಮೆ ಹಚ್ಚು ಅಂದರು. ಕೇಳಿ, “ನೂಲು ಹರದ್ರ ನನಗೂ ಮೊದಲ ಕಿವಿಗೇ ಗೊತ್ತಾಗೋದರಿ,” ಅಂದರು.

ಆಮೇಲೆ ಮಾತು ಸುಲಭವಾಯಿತು. ಸದ್ದಿನ ಕೆಲಸಗಳನ್ನು ಒಂದೊಂದಾಗಿ ಹೇಳಿದೆ: ಶೂಟಿಂಗ್ ಜಾಗದಲ್ಲಿ ಉದ್ದ ಕೋಲಿಗೆ ಕಟ್ಟಿದ ಬೂಮ್ ಮೈಕ್ ಹಿಡಿಯುವುದು, ಡಬ್ಬಿಂಗ್ ಸ್ಟುಡಿಯೊ, ಹೆಜ್ಜೆ-ಬಳೆಯ ಸದ್ದನ್ನು ಬೇರೆಯಾಗಿ ಮಾಡಿ ಕೂಡಿಸುವ ಫೋಲಿ, ಎಲ್ಲ ಸದ್ದನ್ನೂ ಹದವಾಗಿ ಬೆರೆಸುವ ಕೊನೆಯ ಮಿಕ್ಸಿಂಗ್, ರೇಡಿಯೊ, ಪಾಡ್‌ಕಾಸ್ಟ್. ಒಂದರಲ್ಲೂ ಮುಖ ತೋರಿಸಬೇಕಿಲ್ಲ. ಧಾರವಾಡ ಆಕಾಶವಾಣಿ 1950ರಿಂದ ನಡೆದಿದ್ದೇ ಇಂಥವರ ಕೈಯಲ್ಲಿ ಅಂದಾಗ ಅಪ್ಪ ಗೋಣು ಹಾಕಿದರು.

ಕಹಿ ಸುದ್ದಿಯನ್ನೂ ಹೇಳಬೇಕಿತ್ತು. ಪುಣೆಯ ಎಫ್‌ಟಿಐಐ 1960ರಿಂದ ಇರುವ, ಸಿನಿಮಾ-ಟಿವಿ ಕೆಲಸ ಕಲಿಸುವ ಸರಕಾರಿ ಸಂಸ್ಥೆ. ಅಲ್ಲಿಯ ಮೂರು ವರ್ಷದ ಸೌಂಡ್ ಕೋರ್ಸಿಗೆ ಪದವಿ ಸಾಲದು, ಪಿಯುಸಿ ಮಟ್ಟದಲ್ಲಿ ಭೌತಶಾಸ್ತ್ರವನ್ನೂ ಓದಿರಬೇಕು. ಸುಧಾ ಓದಿದ್ದು ಕಲಾ ವಿಭಾಗ. ಅವಳ ಮುಖ ಸಣ್ಣದಾಯಿತು. ಅಲ್ಲಿಯ ಎಡಿಟಿಂಗ್ ಕೋರ್ಸಿಗೆ ಯಾವ ಪದವಿಯಾದರೂ ಸಾಕು. ಬೇಕಿದ್ದರೆ ಪ್ರವೇಶ ಪರೀಕ್ಷೆ ಬರಿ, ಎಡಿಟಿಂಗಿಗೂ ಕಿವಿ ಬೇಕೇ ಬೇಕು ಅಂದೆ. ಇಲ್ಲೇ ಓದುವುದಾದರೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಎಂ.ಎ. ಇದೆ. ಆದರೆ ಬರೀ ಅದನ್ನು ಓದಿ ಸೌಂಡ್ ಎಂಜಿನಿಯರ್ ಆಗೋದಿಲ್ಲ. ಜೊತೆಗೆ ಯಾವುದಾದರೂ ಸ್ಟುಡಿಯೊದಲ್ಲಿ ಅಸಿಸ್ಟೆಂಟ್ ಆಗಿ ಕೇಬಲ್ ಸುತ್ತಬೇಕು.

ಖಾಸಗಿ ಕಾಲೇಜಿಗೆ ದುಡ್ಡು ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಲು ಅಪ್ಪನಿಗೆ ಹೇಳಿದೆ: ವಾರಕ್ಕೆ ಎಷ್ಟು ತಾಸು ನನ್ನ ಮಗಳ ಕೈಗೆ ಮೈಕ್ ಕೊಡ್ತೀರಿ? ಕಟ್ಟಡ ನೋಡಿ ಮರುಳಾಗಬೇಡಿ, ಹೋದ ವರ್ಷದ ಮಕ್ಕಳು ಮಾಡಿದ ಕೆಲಸ ನೋಡಿ.

“ತಿಂಗಳಿಗೆ ಪಗಾರ?” ಅಂದರು. ಮೊದಲ ಎರಡು-ಮೂರು ವರ್ಷ ತಿಂಗಳ ಪಗಾರ ಅನ್ನೋದೇ ಇರಲಿಕ್ಕಿಲ್ಲ ಅಂದೆ. ಶೂಟಿಂಗ್ ಇದ್ದ ದಿನ ದುಡ್ಡು, ಇಲ್ಲದ ದಿನ ಇಲ್ಲ. ಸುಳ್ಳು ಹೇಳಿ ಸೇರಿಸುವುದು ನನಗೆ ಬೇಡ. ಮಗ್ಗವೂ ಹಂಗ ಅಲ್ಲೇನು ಎಂದು ಅವರೇ ನಕ್ಕರು.

ಒಂದು ಕೆಲಸ ಕೊಟ್ಟು ಕಳಿಸಿದೆ. ಎರಡು ತಿಂಗಳಲ್ಲಿ ಐದು ನಿಮಿಷದ ಒಂದು ಕಾರ್ಯಕ್ರಮ, ಚಿತ್ರ ಇಲ್ಲದೆ, ಬರೀ ಸದ್ದಿನಲ್ಲಿ.

ಹೋದ ವಾರ ಫೋನ್ ಮಾಡಿದ್ದಳು. ಬೆಳಗಿನ ಐದಕ್ಕೆ ರೆಕಾರ್ಡಿಂಗ್ ಇತ್ತಂತೆ. ಓಣಿಯ ಗಿರಣಿಯವನಿಗೆ ಸ್ವಲ್ಪ ತಡೆದು ಚಾಲೂ ಮಾಡಲು ಹೇಳಿ ಬಂದವರು ಅಪ್ಪನೇ ಅಂತೆ.