ಬಿಚ್ಚಿ ಜೋಡಿಸಿದ ಮೇಲೂ ಗುರಿ ನಿಲ್ಲುತ್ತದೆಯೇ?

ಎರಡು ತುಂಡಾಗಿ ಬಿಚ್ಚಿ ಬೆನ್ನುಚೀಲಕ್ಕೆ ಸೇರಿಸಬಹುದಾದ ಪಾಯಿಂಟ್ ಟೂ ಟೂ ರಿಮ್‌ಫೈರ್ (0.22 ಇಂಚಿನ, ತಳದ ಅಂಚಿಗೆ ಬಡಿದು ಸಿಡಿಸುವ ಪುಟ್ಟ ತೋಟೆಯ) ರೈಫಲ್‌ಗಳ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಕೈಯಲ್ಲಿ ಪರವಾನಗಿ ಇರುವವರು, ಕಾನೂನು ಒಪ್ಪುವ ಜಾಗದಲ್ಲಿ ಮತ್ತು ಋತುವಿನಲ್ಲಿ ಮೊಲ, ಅಳಿಲಿನಂಥ ಸಣ್ಣ ಬೇಟೆಗೆ ಹೋಗುವವರು ಇವನ್ನು ಕೇಳುತ್ತಿದ್ದಾರೆ ಎಂದುಕೊಂಡೇ ಉತ್ತರಿಸಿದ್ದೇನೆ.

ಪ್ರಶ್ನೆ: ಹೊಸ ಟೇಕ್‌ಡೌನ್ (ಬಿಚ್ಚುವ) ರೈಫಲ್‌ಗೆ ಸ್ಕೋಪ್ ಕೂರಿಸಿ 50 ಮೀಟರಿಗೆ ಗುರಿ ಹೊಂದಿಸಿದೆ. ಮನೆಗೆ ಬಂದು ಬಿಚ್ಚಿಟ್ಟು, ಮರುವಾರ ಜೋಡಿಸಿ ಹೊಡೆದರೆ ಗುಂಡುಗಳೆಲ್ಲ ಎರಡು ಬೆರಳು ಎಡಕ್ಕೆ ಬೀಳುತ್ತಿವೆ. ರೈಫಲ್ಲೇ ದೋಷದ್ದೇ?

ಇರಬಹುದು. ಆದರೆ ನಾನು ಮೊದಲು ಅನುಮಾನಿಸುವುದು ರೈಫಲನ್ನಲ್ಲ, ಕೀಲಿನಲ್ಲಿ ಕೂತಿರುವ ಕೊಳೆಯನ್ನು. ಒಂದು ಲೆಕ್ಕ ನೋಡಿ. ನಳಿಗೆಯೂ ರಿಸೀವರೂ (ಹೊಡೆಯುವ ಯಂತ್ರವಿರುವ ಹಿಂದಿನ ತುಂಡು) ಒಂದಕ್ಕೊಂದು ಒತ್ತಿ ಕೂರುವ ಮುಖದ ಅಗಲ 20 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಅದರ ಒಂದು ಅಂಚಿನಲ್ಲಿ 0.01 ಮಿಲಿಮೀಟರ್ ದಪ್ಪದ ಮಸಿ ಸಿಕ್ಕಿಕೊಂಡಿದೆ. ತಲೆಗೂದಲು ಇದಕ್ಕಿಂತ ಎಷ್ಟೋ ಪಾಲು ದಪ್ಪ. ಅಷ್ಟು ಸಣ್ಣ ಓರೆಗೇ ಗುಂಡು 50 ಮೀಟರಿನಲ್ಲಿ 25 ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ನಿಮ್ಮ ಎರಡು ಬೆರಳಿಗೆ ಹೆಚ್ಚೇನೂ ಬೇಕಾಗಿಲ್ಲ.

ಎರಡನೆಯದು, ಗುರಿಸಾಧನ ಎಲ್ಲಿ ಕೂತಿದೆ ಎಂಬುದು. ಹಿಂದಿನ ಸೈಟ್ ಮತ್ತು ಮುಂದಿನ ಸೈಟ್ ಎರಡೂ ನಳಿಗೆಯ ಮೇಲೇ ಇದ್ದರೆ ನಳಿಗೆ ಎತ್ತ ವಾಲಿದರೂ ಅವೂ ಜೊತೆಗೇ ವಾಲುತ್ತವೆ, ಹಾಗಾಗಿ ಗುರಿ ತಪ್ಪುವುದು ಕಡಿಮೆ. ಸ್ಕೋಪ್ ರಿಸೀವರ್ ಮೇಲಿದ್ದರೆ ಮಾತು ಬೇರೆ. ಕಣ್ಣು ನೋಡುವ ದಿಕ್ಕು ಒಂದು ತುಂಡಿನದು, ಗುಂಡು ಹೋಗುವ ದಿಕ್ಕು ಇನ್ನೊಂದು ತುಂಡಿನದು. ಇವೆರಡರ ನಡುವೆ ಸಾಕ್ಷಿಯಾಗಿ ನಿಂತಿರುವುದು ಕೀಲು ಮಾತ್ರ. ರೂಗರ್ 10/22 ಟೇಕ್‌ಡೌನ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಬರಿಗಣ್ಣಿನ ಸೈಟ್‌ಗಳು ನಳಿಗೆಯ ಮೇಲಿವೆ, ಸ್ಕೋಪ್ ಕೂರಿಸುವ ಪಟ್ಟಿ ರಿಸೀವರ್ ಮೇಲಿದೆ. ಒಂದೇ ರೈಫಲ್‌ನಲ್ಲಿ ಒಬ್ಬರು ‘ಗುರಿ ಕದಲುವುದೇ ಇಲ್ಲ’ ಎನ್ನುವುದಕ್ಕೂ ಇನ್ನೊಬ್ಬರು ‘ದಿನಾ ಕದಲುತ್ತದೆ’ ಎನ್ನುವುದಕ್ಕೂ ಇದೇ ಕಾರಣವಾಗಿರಬಹುದು.

ಆ ರೈಫಲ್‌ನಲ್ಲಿ ಕೀಲಿನ ಬಿಗಿ ಹೊಂದಿಸಲು ಒಂದು ಉಂಗುರವಿದೆ. ಪೆಟ್ಟಿಗೆಯಿಂದ ತೆಗೆದ ದಿನ ಹೊಂದಿಸಿ ಮರೆತುಬಿಡುವುದು ಸಾಮಾನ್ಯ. ಕೆಲವು ನೂರು ಗುಂಡುಗಳ ನಂತರ ಲೋಹದ ಮುಖಗಳು ಒಂದಕ್ಕೊಂದು ಹೊಂದಿಕೊಂಡು, ಮೊದಲಿದ್ದ ಬಿಗಿ ಸಡಿಲವಾಗಿರುತ್ತದೆ. ಬೋಲ್ಟ್ (ತೋಟೆಯ ಹಿಂಬದಿಯನ್ನು ಮುಚ್ಚುವ, ಹಿಂದೆ ಮುಂದೆ ಸರಿಯುವ ತುಂಡು) ಹಿಂದಕ್ಕೆಳೆದು, ಖಾಲಿ ಎಂದು ಖಚಿತಪಡಿಸಿಕೊಂಡು, ನಳಿಗೆಯ ತುದಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕೈಗೆ ಒಂದಿಷ್ಟಾದರೂ ‘ಕಟಕ್’ ಎಂಬುದು ತಾಗಿದರೆ ಬಿಗಿ ಮತ್ತೆ ಹೊಂದಿಸಬೇಕು. ನಟ್ಟು ತಿರುಗಿಸಿ ನಳಿಗೆ ಕೂರಿಸುವ ಕೆಲವು ಮಾದರಿಗಳಲ್ಲಿ ಬೆರಳಿನ ಬಿಗಿ ಸಾಲದು. ಜೊತೆಗೆ ಕೊಟ್ಟ ಸ್ಪ್ಯಾನರ್ ಪೆಟ್ಟಿಗೆಯ ಅಲಂಕಾರಕ್ಕಲ್ಲ.

ಇಷ್ಟು ಉಪದೇಶ ಮಾಡುವ ನಾನೇ ಒಮ್ಮೆ ತುಂತುರು ಮಳೆಯಲ್ಲಿ, ಮಸುಕು ಬೆಳಕಿನಲ್ಲಿ, ಚೀಲದ ಮೇಲೆ ಮಂಡಿಯೂರಿ ರೈಫಲ್ ಜೋಡಿಸಿ, ಮೂವತ್ತು ಹೆಜ್ಜೆ ದೂರದಲ್ಲಿ ಕಲ್ಲಿನಂತೆ ಕೂತಿದ್ದ ಮೊಲಕ್ಕೆ ಎರಡು ಸಲ ತಪ್ಪಿ ಹೊಡೆದಿದ್ದೇನೆ. ಮೊಲ ಎರಡನೆಯದಕ್ಕೂ ಓಡಲಿಲ್ಲ, ಸುಮ್ಮನೆ ಕಿವಿ ತಿರುಗಿಸಿತು. ಬಿಚ್ಚಿ ನೋಡಿದರೆ ಕೀಲಿನಲ್ಲಿ ಹುಲ್ಲಿನ ಒಂದು ಎಸಳು. ಅಂದಿನಿಂದ ಚೀಲದ ಹೊರಜೇಬಿನಲ್ಲಿ ಒಂದು ಒಣ ಬಟ್ಟೆಚೂರು ಇರುತ್ತದೆ. ಜೋಡಿಸುವ ಮೊದಲು ಎರಡೂ ಮುಖ ಒರೆಸುತ್ತೇನೆ. ಅಲ್ಲಿ ಎಣ್ಣೆಯನ್ನೂ ಉಳಿಸುವುದಿಲ್ಲ. ತುಕ್ಕಿಗೆ ಅಂಜಿ ದಪ್ಪಗೆ ಬಳಿದ ಎಣ್ಣೆಗೆ ಮಸಿಯೂ ಧೂಳೂ ಹೋಗಿ ಅಂಟಿಕೊಳ್ಳುತ್ತವೆ.

ಇನ್ನು ಪರೀಕ್ಷೆ. ಒಂದು ಹಾಳೆಗೆ ಐದು ಗುಂಡು ಹೊಡೆಯಿರಿ. ಪೂರ್ತಿ ಬಿಚ್ಚಿ, ಒರೆಸಿ, ಜೋಡಿಸಿ, ಹೊಸ ಹಾಳೆಗೆ ಮತ್ತೈದು. ಹೀಗೆ ಐದು ಸಲ. ಸ್ಕೋಪ್ ಮುಟ್ಟಬೇಡಿ. ಕೊನೆಗೆ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯಿರಿ. ಒಂದೊಂದು ಗುಂಪು ಎಷ್ಟು ಚಿಕ್ಕದು ಎಂಬುದಕ್ಕೆ ಮನಸೋಲಬೇಡಿ, ಗುಂಪುಗಳ ನಡುಬಿಂದು ಎಷ್ಟು ಅಲೆದಾಡಿದೆ ನೋಡಿ. ಇಪ್ಪತ್ತೈದೂ ತೂತುಗಳನ್ನು ಒಳಗೊಳ್ಳುವ ವೃತ್ತ ಎಷ್ಟು ದೊಡ್ಡದೋ ಬೇಟೆಯಲ್ಲಿ ನಿಮ್ಮ ರೈಫಲ್ ಅಷ್ಟು ನಿಖರ. ಬೆಂಚಿನ ಮೇಲೆ, ಬಿಚ್ಚದೆ ಹೊಡೆದ ಒಂದು ಸುಂದರ ಗುಂಪಿನ ಚಿತ್ರಕ್ಕೆ ಇಲ್ಲಿ ಬೆಲೆಯಿಲ್ಲ.

ನಡುಬಿಂದು ಪ್ರತಿಸಲ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ಸರಿಯುತ್ತಿದ್ದರೆ ಅದು ಒಳ್ಳೆಯ ಸುದ್ದಿ. ಮೊದಲ ಜೋಡಣೆಯಲ್ಲಿ ಕೀಲು ಸರಿಯಾಗಿ ಕೂತಿರಲಿಲ್ಲ ಎಂದರ್ಥ, ಈಗ ಗುರಿ ಹೊಂದಿಸಿಕೊಳ್ಳಿ. ಒರೆಸಿ, ಬಿಗಿ ಮಾಡಿದ ಮೇಲೂ ದಿಕ್ಕು ದಿಕ್ಕಿಗೆ ಅಲೆದರೆ ಮಾತ್ರ ತಯಾರಕರಿಗೆ ಹಿಂತಿರುಗಿಸುವ ಮಾತು.

ಪ್ರಶ್ನೆ: ಈ ಬಿಚ್ಚುವ ರೈಫಲ್‌ಗಳು ಇತ್ತೀಚಿನ ಶೋಕಿಯೇ? ಒಂದನ್ನು ಕೊಳ್ಳುವುದಾದರೆ ಯಾವುದು?

ಶೋಕಿಯೇನೂ ಅಲ್ಲ. ಜಾನ್ ಬ್ರೌನಿಂಗ್ ವಿನ್ಯಾಸದ, ನಳಿಗೆ ತಿರುಗಿಸಿದರೆ ಕಳಚಿ ಬರುವ ಅರೆಸ್ವಯಂಚಾಲಿತ ಪಾಯಿಂಟ್ ಟೂ ಟೂ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯಿಂದ 1914ರಲ್ಲೇ ಹೊರಬಂದಿತ್ತು. ಖಾಲಿ ತೋಟೆ ಕೆಳಗಡೆಯಿಂದ ಬೀಳುತ್ತದೆ, ಹೊಸ ತೋಟೆಗಳು ಸ್ಟಾಕ್‌ನೊಳಗಿನ (ಹೆಗಲಿಗೆ ಆನಿಸುವ ಹಿಂಭಾಗದೊಳಗಿನ) ಕೊಳವೆಯಲ್ಲಿರುತ್ತವೆ. ನನ್ನ ಕಣ್ಣಿಗೆ ಈ ಜಾತಿಯಲ್ಲಿ ಅದಕ್ಕಿಂತ ಚೆಂದದ್ದು ಇನ್ನೂ ಹುಟ್ಟಿಲ್ಲ. ಆದರೆ ಮುಳ್ಳುಪೊದೆಯಲ್ಲಿ ನುಗ್ಗಿಸಲು ಮನಸ್ಸು ಬರುವುದಿಲ್ಲ.

ಅದರ ತದ್ವಿರುದ್ಧ ತುದಿಯಲ್ಲಿರುವುದು ಎಆರ್-7. 1950ರ ದಶಕದ ಕೊನೆಗೆ ಆರ್ಮಲೈಟ್ ಕಂಪನಿಯಲ್ಲಿ ಯೂಜೀನ್ ಸ್ಟೋನರ್ ರೂಪಿಸಿದ್ದು. ನಳಿಗೆ, ರಿಸೀವರ್, ಮ್ಯಾಗಜೀನ್ (ತೋಟೆ ತುಂಬುವ ಡಬ್ಬಿ) ಎಲ್ಲವೂ ಪ್ಲಾಸ್ಟಿಕ್ ಸ್ಟಾಕ್‌ನ ಹೊಟ್ಟೆಯೊಳಗೆ ಹೋಗಿ, ಸುಮಾರು 42 ಸೆಂಟಿಮೀಟರಿನ ಒಂದು ಗಂಟಾಗುತ್ತದೆ. ಇದರ ಮೂಲ ಚಿಂತನೆ ವಿಮಾನದಿಂದ ಕಾಡಿಗೆ ಬಿದ್ದ ಪೈಲಟ್‌ನದು, ಶನಿವಾರದ ಬೇಟೆಗಾರನದಲ್ಲ. ದಪ್ಪ ಸ್ಟಾಕ್‌ಗೆ ಕೆನ್ನೆ ಒಪ್ಪುವುದಿಲ್ಲ. ಹಿಂದಿನ ಸೈಟ್ ರಿಸೀವರ್ ಮೇಲೆ, ಮುಂದಿನದು ನಳಿಗೆಯ ಮೇಲೆ. ಮೇಲೆ ಹೇಳಿದ ಕೀಲಿನ ಕಥೆ ಇಲ್ಲಿ ಬರಿಗಣ್ಣಿನ ಸೈಟ್‌ಗೂ ಅನ್ವಯಿಸುತ್ತದೆ. ಮ್ಯಾಗಜೀನ್ ತುಟಿಗಳು ಸ್ವಲ್ಪ ಬಾಗಿದರೂ ತೋಟೆ ಸಿಕ್ಕಿಕೊಳ್ಳುತ್ತದೆ. ಹಾಗಿದ್ದೂ ಇಷ್ಟು ಕಡಿಮೆ ಜಾಗ ಬೇಡುವ ರೈಫಲ್ ಸಿಗುವುದು ಕಷ್ಟ.

ನಡುವೆ ಇರುವುವು ಎರಡು. 1980ರ ದಶಕದಲ್ಲಿ ಬಂದ, ಸುಮಾರು ಒಂದೂವರೆ ಕಿಲೋ ತೂಕದ ಮಾರ್ಲಿನ್ ಪಪೂಸ್, ಮತ್ತು 2012ರಲ್ಲಿ ಬಂದ, ಎರಡು ಕಿಲೋ ಮೀರುವ ರೂಗರ್ ಟೇಕ್‌ಡೌನ್. ರೂಗರ್‌ನ ಮೂಲ 10/22 ರೈಫಲ್ 1964ರದು, ಬಿಡಿಭಾಗ, ಮ್ಯಾಗಜೀನ್‌ಗಳಿಗೆ ಅದರಷ್ಟು ಸಮೃದ್ಧಿ ಬೇರೆಲ್ಲೂ ಇಲ್ಲ. ಒಂದೇ ಇಟ್ಟುಕೊಳ್ಳುವವರಿಗೆ ನಾನು ಹೇಳುವುದು ಅದನ್ನೇ. ತೂಕವನ್ನು ದೂರಬೇಡಿ. ತೀರ ಹಗುರಾದ ರೈಫಲ್ ಹೆಗಲಿಗೆ ಸುಖ, ಆದರೆ ಎದೆ ಬಡಿತಕ್ಕೂ ಕುಣಿಯುತ್ತದೆ.

ನಳಿಗೆ ಇನ್ನೂ ಗಿಡ್ಡಗಿದ್ದರೆ ಚೀಲ ಇನ್ನೂ ಸಣ್ಣದಾಗುತ್ತಿತ್ತಲ್ಲ ಎಂದು ಇದೇ ಓದುಗರು ಕೇಳಿದ್ದಾರೆ. ಈ ರೈಫಲ್‌ಗಳ ದೊಡ್ಡ ಮಾರುಕಟ್ಟೆ ಅಮೆರಿಕ. ಅಲ್ಲಿನ ಒಕ್ಕೂಟ ಕಾನೂನಿನಲ್ಲಿ 16 ಇಂಚಿಗಿಂತ ಗಿಡ್ಡ ನಳಿಗೆಯ ರೈಫಲ್ ಬೇರೆಯೇ ಕಟ್ಟುಪಾಡಿನ ವರ್ಗಕ್ಕೆ ಸೇರುತ್ತದೆ. ಹಾಗಾಗಿ ಎಲ್ಲರ ನಳಿಗೆಯೂ 16ರ ಗೆರೆ ದಾಟಿಯೇ ನಿಲ್ಲುತ್ತದೆ. ಕಾಕತಾಳೀಯವಾಗಿ ಈ ತೋಟೆಯ ಮದ್ದು ತನ್ನ ಶಕ್ತಿಯನ್ನೆಲ್ಲ ಕೊಟ್ಟು ಮುಗಿಸುವುದೂ ಹೆಚ್ಚುಕಡಿಮೆ ಅಷ್ಟೇ ಉದ್ದದಲ್ಲಿ.

ಪ್ರಶ್ನೆ: ಸದ್ದು ಕಡಿಮೆ ಇರಲೆಂದು ನಿಧಾನಗತಿಯ ತೋಟೆ ಹಾಕಿದೆ. ಎರಡು ಹೊಡೆತಕ್ಕೊಮ್ಮೆ ಸಿಕ್ಕಿಕೊಳ್ಳುತ್ತಿದೆ. ಕೆಲವು ಸಿಡಿಯುವುದೇ ಇಲ್ಲ.

ಎರಡೂ ಬೇರೆ ಬೇರೆ ರೋಗ. ನಿಮ್ಮ ಅರೆಸ್ವಯಂಚಾಲಿತ ರೈಫಲ್‌ನಲ್ಲಿ ಬೋಲ್ಟನ್ನು ಹಿಂದಕ್ಕೆ ತಳ್ಳುವುದು ಸಿಡಿತದ ಒದೆತ ಮಾತ್ರ. 40 ಗ್ರೇನ್, ಅಂದರೆ 2.6 ಗ್ರಾಂ ಗುಂಡನ್ನು ಸೆಕೆಂಡಿಗೆ ಸುಮಾರು 380 ಮೀಟರ್ ವೇಗಕ್ಕೆ ಏರಿಸುವ ತೋಟೆಗೆ ಸ್ಪ್ರಿಂಗ್ ಹೊಂದಿಸಿರುತ್ತಾರೆ. ಶಬ್ದದ ವೇಗಕ್ಕಿಂತ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರಿಗಿಂತ ಕೆಳಗೇ ಉಳಿಯುವ ತೋಟೆಗೆ ಆ ಒದೆತ ಸಾಲದೆ ಹೋಗಬಹುದು. ರೈಫಲ್ ತೊಳೆದು, ಎರಡು ಮೂರು ಬ್ರ್ಯಾಂಡ್ ಪ್ರಯತ್ನಿಸಿ. ಆಗಲೂ ಕೇಳದಿದ್ದರೆ ಅದರ ಜೊತೆ ಗುದ್ದಾಡಬೇಡಿ, ಅದು ಬಯಸುವ ತೋಟೆಯನ್ನೇ ಕೊಡಿ.

ಸಿಡಿಯದಿರುವುದು ರಿಮ್‌ಫೈರ್‌ನ ಹುಟ್ಟುಗುಣಕ್ಕೆ ಸಂಬಂಧಿಸಿದ್ದು. ಕಿಡಿ ಹೊತ್ತಿಸುವ ಮಿಶ್ರಣ ತೋಟೆಯ ತಳದ ಮಡಿಕೆಯೊಳಗೆ ಸುತ್ತಲೂ ಹರಡಿರಬೇಕು. ಒಂದು ಕಡೆ ಖಾಲಿ ಉಳಿದು, ಸೂಜಿ ಅಲ್ಲೇ ಬಡಿದರೆ ಬರೀ ‘ಟಿಕ್’. ಆಗ ರೈಫಲ್ಲನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಅರ್ಧ ನಿಮಿಷವಾದರೂ ಕಾಯಿರಿ, ತಡವಾಗಿ ಸಿಡಿಯುವುದೂ ಉಂಟು. ಸದ್ದು ಪೇಲವವಾಗಿ ‘ಪುಸ್’ ಎಂದರೆ ಇನ್ನೊಂದು ಗುಂಡು ಹಾರಿಸಲೇಬೇಡಿ. ಗುಂಡು ನಳಿಗೆಯಲ್ಲೇ ನಿಂತಿರಬಹುದು. ಮ್ಯಾಗಜೀನ್ ತೆಗೆದು, ಬೋಲ್ಟ್ ಎಳೆದು ಖಾಲಿ ಮಾಡಿ, ನಳಿಗೆ ಕಳಚಿ ಬೆಳಕಿಗೆ ಹಿಡಿದು ನೋಡಿ. ಬಿಚ್ಚುವ ರೈಫಲ್‌ನ ನಿಜವಾದ ಉಪಕಾರಗಳಲ್ಲಿ ಇದೊಂದು.

ಪ್ರಶ್ನೆ: ನಳಿಗೆಯನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?

ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಗುಂಪು ಚದುರತೊಡಗಿದಾಗ ಸಾಕು. ಮಸಿ ತುಂಬುವುದು ಬೋಲ್ಟ್ ಮತ್ತು ತೋಟೆ ಕೂರುವ ಕೋಣೆಯಲ್ಲಿ, ಗಮನ ಅಲ್ಲಿರಲಿ. ತೊಳೆಯುವಾಗ ಸಲಾಕೆಯನ್ನು ಕೋಣೆಯ ಕಡೆಯಿಂದಲೇ ತೂರಿಸಿ. ರಿಸೀವರ್‌ನ ಹಿಂಬದಿ ಮುಚ್ಚಿರುವ ಸಾಮಾನ್ಯ ರೈಫಲ್‌ಗಳಲ್ಲಿ ಮೂತಿಯಿಂದ ತೂರಿಸಿ ತೂರಿಸಿ ಅಂಚು ಸವೆಸಿಕೊಂಡವರಿದ್ದಾರೆ. ನಳಿಗೆ ಕಳಚಿ ಬರುವುದರಿಂದ ನಿಮಗೆ ಆ ಶಿಕ್ಷೆ ಇಲ್ಲ.

ಪ್ರಶ್ನೆ: ಮೊಲಕ್ಕೆ 80 ಮೀಟರಿನಿಂದ ಹೊಡೆಯಬಹುದೇ?

ತೋಟೆಗೆ ಆ ಶಕ್ತಿ ಇದೆ. ನಿಮಗೆ ಇದೆಯೇ ಎಂಬುದು ಪ್ರಶ್ನೆ. 50 ಮೀಟರಿಗೆ ಗುರಿ ಹೊಂದಿಸಿದ ವೇಗದ ತೋಟೆ 80 ಮೀಟರಿನಲ್ಲಿ ಆರೇಳು ಸೆಂಟಿಮೀಟರ್, 100ರಲ್ಲಿ 15 ಸೆಂಟಿಮೀಟರಿಗೂ ಹೆಚ್ಚು ಕೆಳಗೆ ಬೀಳುತ್ತದೆ. ದೂರವನ್ನು ಕಣ್ಣಳತೆಯಲ್ಲಿ ಹತ್ತು ಮೀಟರ್ ತಪ್ಪಿದರೆ ತಲೆಗೆ ಇಟ್ಟ ಗುರಿ ದವಡೆಗೆ ಬೀಳುತ್ತದೆ. ದವಡೆ ಮುರಿದ ಮೊಲ ಪೊದೆ ಸೇರಿ ದಿನಗಟ್ಟಲೆ ನರಳಿ ಸಾಯುತ್ತದೆ. ಗಾಳಿಯದು ಇನ್ನೊಂದು ತಂಟೆ. ವಿಚಿತ್ರವೆಂದರೆ ಶಬ್ದದ ವೇಗ ಮೀರಿದ ತೋಟೆಯೇ ನಿಧಾನದ್ದಕ್ಕಿಂತ ಅಡ್ಡಗಾಳಿಗೆ ಹೆಚ್ಚು ಸರಿಯುತ್ತದೆ, ಏಕೆಂದರೆ ಆ ಗಡಿಯ ಸುತ್ತ ಅದು ವೇಗವನ್ನು ಬೇಗ ಕಳೆದುಕೊಳ್ಳುತ್ತದೆ.

ನಿಮ್ಮ ದೂರವನ್ನು ಹೀಗೆ ಕಂಡುಕೊಳ್ಳಿ. ನಾಲ್ಕು ಸೆಂಟಿಮೀಟರಿನ ವೃತ್ತ ಬರೆಯಿರಿ. ಬೆಂಚಿಲ್ಲದೆ, ಮಂಡಿಯೂರಿಯೋ ಮರಕ್ಕೆ ಆನಿಸಿಯೋ, ಆಗಷ್ಟೇ ಜೋಡಿಸಿದ ರೈಫಲ್‌ನಿಂದ ಹೊಡೆಯಿರಿ. ಹತ್ತಕ್ಕೆ ಹತ್ತೂ ಒಳಗೆ ಬೀಳುವ ದೂರವೇ ನಿಮ್ಮದು. ನನ್ನದು 40 ಮೀಟರ್, ಒಳ್ಳೆಯ ದಿನ 45. ಇದನ್ನು ಹೇಳಲು ನಾಚಿಕೆಯಿಲ್ಲ. ಉಳಿದ 35 ಮೀಟರನ್ನು ಕಾಲು ಸವೆಸಿ, ಹೊಟ್ಟೆಯ ಮೇಲೆ ತೆವಳಿ ದಾಟುವುದೇ ಬೇಟೆ.

ಗುಂಡು ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ನೋಡಿ. ಪುಟ್ಟ ತೋಟೆ ಎಂಬ ಸಸಾರ ಬೇಡ, ಇದರ ಗುಂಡು ಒಂದು ಕಿಲೋಮೀಟರ್ ಆಚೆಗೂ ಹೋಗಬಲ್ಲದು. ಕೊಂಬೆಯ ತುದಿಯಲ್ಲಿ ಆಕಾಶಕ್ಕೆ ಎದುರಾಗಿ ಕೂತ ಅಳಿಲನ್ನು ಬಿಟ್ಟುಬಿಡಿ, ದಪ್ಪ ಕಾಂಡಕ್ಕೆ ಒತ್ತಿಕೊಂಡು ಬರುವವರೆಗೆ ಕಾಯಿರಿ. ನೀರು, ಬಂಡೆ, ಹೆಪ್ಪುಗಟ್ಟಿದ ನೆಲ ಇವು ಸೀಸದ ಮೊಂಡು ಗುಂಡನ್ನು ಪುಟಿಸುತ್ತವೆ.

ಪ್ರಶ್ನೆ: ಬಿಚ್ಚಿ ಚೀಲದಲ್ಲಿಟ್ಟ ರೈಫಲ್ ಕಾನೂನಿನ ಕಣ್ಣಿನಲ್ಲಿ ರೈಫಲ್ ಅಲ್ಲವಂತೆ, ಹೌದೇ?

ಅಲ್ಲ. ಅಮೆರಿಕದಲ್ಲಿ ರಿಸೀವರ್ ಒಂದೇ ಸಾಕು, ಅದೇ ಬಂದೂಕು. ಬ್ರಿಟನ್‌ನಲ್ಲಿ ಬಿಡಿ ನಳಿಗೆಗೂ ಪರವಾನಗಿ ಬೇಕು. ನೀವಿರುವಲ್ಲಿ ಸಾಗಿಸುವ ನಿಯಮವೇನೆಂದು ಪರವಾನಗಿ ಕೊಟ್ಟ ಕಚೇರಿಯಲ್ಲೇ ಕೇಳಿಕೊಳ್ಳಿ, ಅಂಗಡಿಯವನ ಮಾತು ನಂಬಬೇಡಿ. ಒಂದು ಅನುಕೂಲವಂತೂ ಇದೆ. ಮನೆಯಲ್ಲಿ ಮಕ್ಕಳಿದ್ದರೆ ನಳಿಗೆಯನ್ನು ಒಂದು ಬೀಗದೊಳಗೆ, ರಿಸೀವರನ್ನು ಇನ್ನೊಂದು ಬೀಗದೊಳಗೆ, ತೋಟೆಗಳನ್ನು ಮೂರನೆಯದರಲ್ಲಿ ಇಡಬಹುದು. ಬಿಚ್ಚುವ ಮೊದಲು ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ ಎಳೆಯಿರಿ, ಕೋಣೆಯೊಳಗೆ ಕಣ್ಣಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ. ಸಂಜೆಯ ಮಬ್ಬಿನಲ್ಲಿ ಕಣ್ಣಿಗೆ ಕಾಣದ ತೋಟೆ ಬೆರಳಿಗೆ ಸಿಗುತ್ತದೆ.